ಬಸ್ಸಿನ ಎಡಗಡೆಯ ಬಾಗಿಲು

ಮಸ್ಕತ್ತಿನ ಅಲ್ ಖುವೈರಿನ ಆಫೀಸಿನಲ್ಲಿ ಕೂತು ನಾವು ಜಪಾನಿನ ರೈಲು ನಿಲ್ದಾಣವೊಂದನ್ನು ಕಟ್ಟುತ್ತಿದ್ದೆವು. ಕಟ್ಟುವುದೆಂದರೆ ಕಂಪ್ಯೂಟರಿನ ಪರದೆಯ ಮೇಲೆ. ದೊಡ್ಡ ನಗರದ ಹೊರವಲಯದ ಸ್ಟೇಷನ್. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಬಸ್ಸಿಳಿದು ರೈಲು ಹತ್ತುತ್ತಾರೆ, ಸಂಜೆ ರೈಲಿಳಿದು ಬಸ್ಸು ಹಿಡಿಯುತ್ತಾರೆ. ಸ್ಟೇಷನ್ ಎದುರಿನ ಬಸ್ ನಿಲ್ಲುವ ಜಾಗ ನಮ್ಮ ಪಾಲಿಗೆ ಬಂದಿತ್ತು. ಬಸ್ಸು ಓಡುವ ದಾರಿಯನ್ನು ಜಪಾನಿನವರೇ ಕೊಟ್ಟಿದ್ದರು. ಜನ ನಿಲ್ಲುವ ತಂಗುದಾಣವನ್ನು ಹಿಂದಿನ ಸಂಜೆ ಕೂರಿಸಿದ್ದು ನಮ್ಮ ಟೀಮ್ ಲೀಡರ್.

ಅವರು ಉಡುಪಿ ಕಡೆಯವರು, ಮಸ್ಕತ್ತಿನಲ್ಲೇ ತಲೆ ನರೆತವರು. ನನ್ನ ಪ್ರೊಬೇಷನ್ ಆ ವಾರ ಮುಗಿಯುವುದಿತ್ತು. ಅವರು ಸಹಿ ಹಾಕಿದರೆ ಕೆಲಸ, ಇಲ್ಲವಾದರೆ ವೀಸಾ ರದ್ದಾಗಿ ಊರಿನ ವಿಮಾನ. ನಮ್ಮ ಮನೆಯಲ್ಲಿ ಡಿಗ್ರಿ ಪಡೆದವಳು ನಾನೊಬ್ಬಳೇ. ಅಮ್ಮ ಬೀಡಿ ಕಟ್ಟಿ ಓದಿಸಿದ ಇಂಜಿನಿಯರಿಂಗ್ ಅದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಯಾವ ಡ್ರಾಯಿಂಗ್ ಬಂದರೂ ನಾನು ಅದರೊಳಗೆ ಅಮ್ಮನನ್ನು ನಡೆಸಿ ನೋಡುತ್ತೇನೆ. ಅಮ್ಮನಿಗೆ ಬೋರ್ಡು ಓದಲು ಬರುವುದಿಲ್ಲ. ಅವಳು ದಾರಿ ತಪ್ಪಿದರೆ ಡ್ರಾಯಿಂಗ್ ತಪ್ಪು. ಆ ದಿನ ಜಪಾನಿನವರ ವಿಡಿಯೊ ಕರೆಗೆ ಸ್ವಲ್ಪ ಮೊದಲು ಅಮ್ಮನನ್ನು ರೈಲಿನಿಂದ ಇಳಿಸಿದೆ, ಗೇಟು ದಾಟಿಸಿದೆ, ತಂಗುದಾಣದಲ್ಲಿ ನಿಲ್ಲಿಸಿದೆ. ಬಸ್ಸು ಬಂತು. ಬಾಗಿಲೇ ಇಲ್ಲ! ಬಾಗಿಲು ಆಚೆ ಬದಿಗೆ, ರಸ್ತೆಯ ಕಡೆಗೆ.

ಒಮಾನಿನಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ, ಬಸ್ಸಿನ ಬಾಗಿಲೂ ಬಲಕ್ಕೆ. ಜಪಾನ್ ನಮ್ಮ ಊರಿನ ಹಾಗೆ, ಎಲ್ಲ ಎಡಕ್ಕೆ. ಎಷ್ಟೋ ವರ್ಷ ಬಲಗಡೆಯಿಂದ ಹತ್ತಿಳಿದ ಸರ್ ಅವರ ಕೈ ತಂಗುದಾಣವನ್ನು ತಾನಾಗಿ ಬಲಕ್ಕೇ ಇಟ್ಟುಬಿಟ್ಟಿತ್ತು.

"ಸರ್, ಶೆಲ್ಟರ್ ಉಲ್ಟಾ ಆಗಿದೆ."

"ಎಂತ ಉಲ್ಟಾ ಮಾರಾಯ್ತಿ? ನೀನು ಹುಟ್ಟುವ ಮೊದಲೇ ನಾನು ಬಸ್ ಸ್ಟ್ಯಾಂಡ್ ಮಾಡಿದ್ದೇನೆ."

"ನಮ್ಮ ಅಮ್ಮನಿಗೆ ಹತ್ತಲಿಕ್ಕೆ ಆಗುವುದಿಲ್ಲ ಸರ್."

"ನಿನ್ನ ಅಮ್ಮ ಯಾಕೆ ಜಪಾನಿಗೆ ಹೋಗ್ತಾರೆ? ಡ್ರಾಯಿಂಗ್ ಹೋಗಿ ಆಯ್ತು, ಖಲಾಸ್. ಕಾಲ್‌ನಲ್ಲಿ ಬಾಯಿ ಮುಚ್ಚಿ ಕೂತ್ಕೋ."

ಕರೆ ಬಂತು. ಪರದೆಯಲ್ಲಿ ಇಬ್ಬರು ಜಪಾನಿ ಇಂಜಿನಿಯರುಗಳು ತಲೆಬಾಗಿದರು. ಸರ್ ಒಂದೊಂದೇ ಪುಟ ತೋರಿಸುತ್ತ ಹೋದರು. ತಂಗುದಾಣದ ಪುಟ ಬಂದಾಗ ಅವರಲ್ಲೊಬ್ಬರು, ಇದು ಸರಿಯಿದ್ದರೆ ನಾಳೆಯೇ ಕಟ್ಟುವವರಿಗೆ ಕಳಿಸುತ್ತೇವೆ ಎಂದರು. ಆ ಚಪ್ಪರದಡಿ ಅಮ್ಮ ಇನ್ನೂ ನಿಂತೇ ಇದ್ದಳು.

"ಸರಿಯಿಲ್ಲ," ಎಂದೆ, ಇಂಗ್ಲಿಷಿನಲ್ಲಿ. "ಬಸ್ಸಿನ ಬಾಗಿಲು ಎಡಕ್ಕಿದೆ. ನಾವು ತಂಗುದಾಣವನ್ನು ಬಲಕ್ಕಿಟ್ಟಿದ್ದೇವೆ."

ಜಪಾನಿನವರು ಪುಟಕ್ಕೆ ಮುಖ ಹತ್ತಿರ ತಂದು ತಮ್ಮತಮ್ಮಲ್ಲಿ ಪಿಸುಗುಟ್ಟಿದರು. ಸರ್ ಕೆಮ್ಮಿ, ತಿದ್ದಿದ್ದನ್ನು ಸಂಜೆಯೊಳಗೆ ಕಳಿಸುತ್ತೇವೆ ಎಂದು ಕರೆ ಮುಗಿಸಿದರು. ನನ್ನ ಕಡೆ ನೋಡಲಿಲ್ಲ.

"ಯಲ್ಲಾ, ಬೇಗ ಮಾಡು," ಎಂದರು, ಅಷ್ಟೇ.

ಊಟಕ್ಕೂ ಏಳದೆ ಮಾಡಿದೆ. ತಂಗುದಾಣ ಸರಿಸಿದರೆ ಕಾಲುದಾರಿಯೂ ಸರಿಯಬೇಕು, ದೀಪದ ಕಂಬವೂ. ಕಳಿಸುವಾಗ ಆಫೀಸು ಖಾಲಿಯಾಗುತ್ತಿತ್ತು.

ದಿನವೂ ನಾನು ದಾರ್ಸೈಟಿನ ನನ್ನ ರೂಮಿಗೆ ಹೋಗುತ್ತಿದ್ದದ್ದು ಸರ್ ಕಾರಿನಲ್ಲೇ. ಆ ಸಂಜೆ ಅವರು ಕರೆಯುತ್ತಾರೋ ಇಲ್ಲವೋ ತಿಳಿಯದೆ ಕಾರಿನಿಂದ ಸ್ವಲ್ಪ ದೂರ ನಿಂತೆ. ಅವರು ಬಂದು ನನ್ನ ಬದಿಯ ಬಾಗಿಲು ತೆರೆದರು. ಹೆದ್ದಾರಿಗೆ ಸೇರಿದ ಮೇಲೆ ಕೇಳಿದರು.

"ಅಮ್ಮ ಈಗ ಬಸ್ ಹತ್ತಿದರಾ?"

"ಹತ್ತಿದರು ಸರ್."

"ಹಾಗಾದ್ರೆ ನಾಳೆ ಸೈನ್ ಹಾಕ್ತೇನೆ. ಇನ್ನು ಮುಂದೆ ಎಂತ ಇದ್ದರೂ ಕಾಲ್‌ಗೆ ಮೊದಲೇ ಹೇಳು."

"ಮೊದಲೇ ಹೇಳಿದ್ದೆ ಸರ್."

ಅವರು ರೇಡಿಯೊದ ಸದ್ದು ಜೋರು ಮಾಡಿದರು.