ಹಾಲಿಗೆ ಆಲು ಅಂದಿದ್ದಕ್ಕೆ

ಪಕ್ಕದ ಮನೆಯ ಹುಡುಗಿ ಜರ್ಮನಿಯಲ್ಲಿ ಒಬ್ಬರ ಮನೆಯಲ್ಲೇ ಇದ್ದುಕೊಂಡು ಅವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಇವತ್ತು ಫೋನಿನಲ್ಲಿ ಆ ಮನೆಯ ಹೊಂಬಣ್ಣದ ಕೂದಲಿನ ಕೂಸು ನಮಗೆ ಕೈ ಬೀಸಿ "ಬತ್ತೀನಿ" ಅಂದಿತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಾನು ಚಿಕ್ಕವಳಿದ್ದಾಗ ಸ್ಕೂಲು ಬಿಡಿಸಿ ನಮ್ಮಪ್ಪ ನನ್ನನ್ನು ಅರಕಲಗೂಡಿನಿಂದ ಕರೆತಂದು ಹಾಸನದ ಮೇಷ್ಟ್ರೊಬ್ಬರ ಮನೆಯಲ್ಲಿ ಮಗು ನೋಡಿಕೊಳ್ಳಲು ಬಿಟ್ಟಿದ್ದ. ಆ ಮಗು ಕಲಿತ ಮೊದಲ ಮಾತು "ಆಲು". ಮೇಷ್ಟ್ರ ಹೆಂಡತಿಗೆ ಉರಿದುಹೋಯಿತು.

"ಹಾಲು ಅನ್ನೋಕೆ ನಿನ್ನ ಬಾಯಿಗೇನು ರೋಗ? ಇನ್ಮೇಲೆ ಮಗು ಹತ್ರ ಮಾತಾಡಿದ್ರೆ ಊರಿಗೆ ಕಳಿಸ್ತೀನಿ."

"ನಾನೂ ಅದನ್ನೇ ಅಲ್ವಾ ಅಮ್ಮಾವ್ರೆ ಏಳ್ತಿರೋದು, ಆಲು ಅಂತ."

ಅವತ್ತಿನಿಂದ ಬಾಯಿ ಮುಚ್ಚಿಕೊಂಡೇ ಮಗುವನ್ನು ಎತ್ತಿಕೊಂಡೆ. ಅದು ಹಾಲು ಮುಟ್ಟಲಿಲ್ಲ. ಅಮ್ಮಾವ್ರು "ಹಾಲು, ಹಾಲು" ಎನ್ನುತ್ತ ಲೋಟ ಹಿಡಿದು ಅದರ ಹಿಂದೆ ಹಿಂದೆ ಓಡಾಡಿದರು. ಒಳಲೆಯಲ್ಲಿ ಬಾಯಿಗೆ ಹುಯ್ದದ್ದನ್ನೂ ಉಗಿಯಿತು. ಮಾರನೆಯ ದಿನವೂ ಅದೇ ಕಥೆ. ಮಗು ಬಾಡಿಹೋಯಿತು. ಸಂಜೆ ಅಮ್ಮಾವ್ರು ನನಗೆ ಬೆನ್ನು ಹಾಕಿ ಕೂತು, ಮೆಲ್ಲಗೆ, "ಆಲು ಕುಡಿಯೋ ಕಂದ" ಅಂದರು. ಮಗು ಗಟಗಟನೆ ಕುಡಿಯಿತು. ನನ್ನನ್ನು ಊರಿಗೆ ಕಳಿಸುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಫೋನಿನಲ್ಲಿದ್ದ ಹುಡುಗಿಯನ್ನು ಕೇಳಿದೆ. "ಮಗು ನಿನ್ನಂಗೆ ಮಾತಾಡಿದ್ರೆ ಅದರ ತಾಯಿ ಬೈಯಲ್ವೇನೇ?"

"ಯಾಕಜ್ಜಿ ಬೈತಾರೆ?" ಅಂದಳು.

ಅದನ್ನೆಲ್ಲ ಹೇಳುತ್ತ ಕೂರಲು ನನಗೆ ಪುರುಸೊತ್ತಿರಲಿಲ್ಲ.