ಯಾದಗಿರಿಯಲ್ಲಿ ಇಳಿದ ಹಾಯಿದೋಣಿಯವರು

ಯಾದಗಿರಿ ಸ್ಟೇಷನ್ನಿನಲ್ಲಿ ಅವರು ರೈಲಿನಿಂದ ಇಳಿದ ಗಳಿಗೆಯಲ್ಲೇ ನನಗೆ ಅನುಮಾನ ಶುರುವಾಯಿತು. ಇಂಗ್ಲೆಂಡಿನ ದೊಡ್ಡ ವ್ಯಾಪಾರಿ, ಬಟ್ಟೆ ಕಂಪನಿಯ ಮಾಲೀಕ ಎಂದು ಕೇಳಿದ್ದೆ. ಸ್ಲೀಪರ್ ಬೋಗಿಯಿಂದ ಇಳಿದದ್ದು ಮಾತ್ರ ಎಪ್ಪತ್ತು ದಾಟಿದ ಸಣಕಲು ಮುದುಕ. ಹೆಗಲಲ್ಲಿ ಮಾಸಿದ ಚೀಲ, ಕಾಲಲ್ಲಿ ರಬ್ಬರ್ ಚಪ್ಪಲಿ.

ನಾನಾಗ ಶಹಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ನಮ್ಮ ಪಕ್ಕದ ಮನೆಯವರು ಹತ್ತಿ ದಲಾಲರು. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಹೊರಗಿನ ವ್ಯಾಪಾರಿಗಳನ್ನು ತರುವುದು ಅವರ ಕೆಲಸ. ಅವರಿಗೆ ಇಂಗ್ಲಿಷ್ ಬಾರದು. ದೀಪಾವಳಿ ಮುಗಿದ ಮೇಲೆ ಒಂದು ದಿನ ಬಂದು ಕೂತರು.

"ಇಂಗ್ಲೆಂಡಿನ ವ್ಯಾಪಾರಿ ಬರ್ತಾನ, ಮೂರು ದಿನದ ಕೆಲಸ ಟೀಚರ್ರ. ಅಂವ ಹೇಳಿದ್ದು ನಮಗ ಹೇಳ್ರಿ, ನಾವು ಹೇಳಿದ್ದು ಅಂವಗ ಹೇಳ್ರಿ. ಅಷ್ಟ."

ಹಿಂದಿನ ವರ್ಷ ನನ್ನ ಗಂಡನಿಗೆ ಎದೆನೋವು ಬಂದಾಗ ತಮ್ಮ ಕಾರಿನಲ್ಲಿ ಕಲಬುರಗಿ ಮುಟ್ಟಿಸಿದವರು ಇವರೇ. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮೂರು ದಿನ ರಜೆ ಹಾಕಿದೆ.

ಸ್ಟೇಷನ್ನಿನಿಂದ ವಾಪಸ್ಸು ಬರುವಾಗ ದಲಾಲರು ನನಗಷ್ಟೇ ಕೇಳುವ ಹಾಗೆ ಹೇಳಿದರು: "ಈ ಮನುಷ್ಯ ಒಬ್ನ ಹಾಯಿದೋಣಿ ನಡಸ್ಕೊಂತ ಸಮುದ್ರ ದಾಟ್ಯಾನಂತ. ದಾಖಲೆನೂ ಮಾಡ್ಯಾನಂತ. ನನಗರ ಶಕ್ ಐತಿ. ಹತ್ತಿ ನೆಪ ಮಾಡ್ಕೊಂಡು ಭೂಮಿ ನೋಡಾಕ ಬಂದಿರಬೇಕು."

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಹೆಸರು ಸಿಕ್ಕಿತು, ಫೋಟೊವೂ ಸಿಕ್ಕಿತು. ಅಗಲ ಭುಜದ, ದಟ್ಟ ಗಡ್ಡದ ಗಂಡಸೊಬ್ಬ ಹಾಯಿಕಂಬವನ್ನು ತಬ್ಬಿಕೊಂಡು ನಗುತ್ತಿದ್ದ. ನಮ್ಮ ಅತಿಥಿಗೆ ಬೋಳು ತಲೆ, ಒಂದು ಕಡೆ ಜೋತ ಹೆಗಲು. ಕಣ್ಣು, ಮೂಗು ಯಾವುದೂ ಹೊಂದಲಿಲ್ಲ. ಬೇರೆ ಯಾರದೋ ಹೆಸರು ಹೇಳಿಕೊಂಡು ತಿರುಗುವವರೂ ಇರುತ್ತಾರಲ್ಲ ಅನ್ನಿಸಿತು.

ಅದೇ ಮಧ್ಯಾಹ್ನ ಮಿಲ್ಲಿಗೆ ಹೋದೆವು. ಅಂಗಳದ ಹತ್ತಿ ರಾಶಿಯನ್ನು ಅವರು ಹಿಡಿ ಹಿಡಿಯಾಗಿ ಎತ್ತಿ, ಎಳೆ ಎಳೆದು ನೋಡಿದರು. ಆಮೇಲೆ ಒಳಗಿನ ಗೋದಾಮಿನ ಕಡೆ ಕೈ ತೋರಿಸಿದರು. ದಲಾಲರು ನಗುಮುಖದಲ್ಲೇ ನನ್ನತ್ತ ತಿರುಗಿದರು.

"ಅಲ್ಲಿ ಮಾಲಿಗೆ ನಿನ್ನಿ ನೀರು ಹೊಡದಾರ್ರಿ, ತೂಕ ಬರಲಿ ಅಂತ. ಕೈ ಹಾಕಗೊಡಬ್ಯಾಡ್ರಿ. ಏನರ ಹೇಳಿ ತಪ್ಪಸ್ರಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಅಲ್ಲಿ ಜಾಗ ಇಲ್ಲವಂತೆ. ಇನ್ನೊಂದು ದಿನ ತೋರಿಸುತ್ತಾರಂತೆ."

ಅವರು ದಲಾಲರ ಮುಖ ನೋಡಿದರು, ನನ್ನ ಮುಖ ನೋಡಿದರು, "ಸರಿ" ಎಂದರು.

ಮರುದಿನ ಸುರಪುರ ನೋಡಬೇಕು ಎಂದರು. ದಲಾಲರಿಗೆ ಬೇರೆ ಕೆಲಸವಿತ್ತು. "ಎಲ್ಲೆಲ್ಲಿ ಹೋಗ್ತಾನ, ಯಾರ ಜೋಡಿ ಮಾತಾಡ್ತಾನ, ಜರಾ ಗ್ಯಾನ ಇಡ್ರಿ" ಎಂದು ನನ್ನನ್ನು ಬಾಡಿಗೆ ಕಾರಿನಲ್ಲಿ ಕಳಿಸಿದರು. ನಾನೂ ಪೊಲೀಸಿನವಳ ಹಾಗೆ ಕಣ್ಣಿಟ್ಟೇ ಹೋದೆ. ಗುಡ್ಡದ ಮೇಲೆ ನಿಂತು ಅವರು ಮೋಡ ನೋಡಿ, ಮೂಗು ಎತ್ತಿ ಗಾಳಿ ಹಿಡಿದು, "ಹನ್ನೆರಡರೊಳಗೆ ಮಳೆ" ಎಂದರು. ಹನ್ನೆರಡಾಯಿತು, ಒಂದಾಯಿತು. ಬಿಸಿಲು ಚುರುಗುಟ್ಟಿತೇ ಹೊರತು ಒಂದು ಹನಿಯೂ ಬೀಳಲಿಲ್ಲ. ಮೋಡ ಓದಲಾರದವರು ಸಮುದ್ರ ಹೇಗೆ ದಾಟಿದರು?

ಊಟವಾದ ಮೇಲೆ ಕೃಷ್ಣಾ ದಂಡೆಗೆ ಹೋದೆವು. ಮೀನು ಹಿಡಿಯುವ ಅಂಬಿಗರೊಬ್ಬರು ಪುಟ್ಟಿ, ಅಂದರೆ ಬುಟ್ಟಿಯಂಥ ದುಂಡು ಹರಿಗೋಲನ್ನು, ನೀರಿಗಿಳಿಸುತ್ತಿದ್ದರು. ನಾನೊಮ್ಮೆ ನಡೆಸಲೇ ಎಂದು ನಮ್ಮ ಅತಿಥಿ ಕೇಳಿದರು. ಒಳಗೆ ಕೂತು ಹುಟ್ಟು ಹಾಕಿದ್ದೇ ತಡ, ಪುಟ್ಟಿ ಬುಗುರಿಯ ಹಾಗೆ ಗಿರಗಿರ ತಿರುಗತೊಡಗಿತು. ಮುಂದೆ ಒಂದು ಮೊಳ ಸರಿಯಲಿಲ್ಲ. ಅಂಬಿಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈ ಅಜ್ಜ ಸಮುದ್ರ ದಾಟ್ಯಾನೇನ್ರಿ? ಯಾರೋ ಸುಳ್ಳು ಹೇಳ್ಯಾರ ನಿಮಗ!"

"ಏನಂದರು?" ಎಂದರು ಅವರು ನೀರಿನಲ್ಲಿಂದಲೇ.

"ಪುಟ್ಟಿ ನಡೆಸುವುದು ಕಷ್ಟ ಅಂದರು."

"ಅಲ್ಲ. ಆ ನಗು ನನಗೆ ಗೊತ್ತು. ನಾನು ಸುಳ್ಳುಗಾರ ಅಂದರು. ನಿನ್ನೆಯೂ ಹೀಗೇ ಆಯಿತು. ಆ ದಲಾಲ ಹೇಳಿದ್ದು ಒಂದು, ನೀವು ನನಗೆ ಹೇಳಿದ್ದು ಇನ್ನೊಂದು. ನನಗೆ ನಿಮ್ಮ ಮೇಲೆ ಅನುಮಾನವಿದೆ."

ಇಷ್ಟು ಹೊತ್ತು ನಾನು ಅವರನ್ನು ಕಾಯುತ್ತಿದ್ದರೆ ಅವರು ನನ್ನನ್ನು ಕಾಯುತ್ತಿದ್ದರು! ಸಿಟ್ಟಿನಲ್ಲಿ ಮೊಬೈಲು ತೆಗೆದು ಆ ಫೋಟೊ ಮುಂದೆ ಹಿಡಿದೆ. "ಹಾಗಾದರೆ ನೀವು ಹೇಳಿ. ಇದು ನೀವೇನಾ?"

ಅವರು ದಂಡೆಗೆ ಬಂದು, ಕಲ್ಲಿನ ಮೇಲೆ ಕೂತು, ಫೋಟೊವನ್ನು ಬಹಳ ಹೊತ್ತು ನೋಡಿದರು.

"ನಾನೇ. ಆಮೇಲೊಮ್ಮೆ ಕಂಬ ಮುರಿದು ಹೆಗಲ ಮೇಲೆ ಬಿತ್ತು. ಗಡ್ಡ, ಕೂದಲು ತಾವೇ ಹೋದವು."

ತಂದೆಯದು ಸಣ್ಣ ಬಟ್ಟೆ ಅಂಗಡಿಯಂತೆ. ಅದನ್ನೇ ಬೆಳೆಸಿ ಕಂಪನಿ ಮಾಡಿದವರು ನಡುವಯಸ್ಸಿನಲ್ಲಿ ದೋಣಿಯ ಹುಚ್ಚು ಹಿಡಿಸಿಕೊಂಡು ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ, ಅದುವರೆಗೆ ಯಾರೂ ದಾಟದಷ್ಟು ಬೇಗ ದಾಟಿದರಂತೆ.

"ಬಂದರಿನಲ್ಲಿ ಯಾರೂ ನಂಬಲಿಲ್ಲ. ನಡುವೆ ಎಲ್ಲೋ ಎಂಜಿನ್ ಹಾಕಿರಬೇಕು ಎಂದರು. ಅವರದು ತಪ್ಪಲ್ಲ. ಅಲ್ಲಿ ಸಾಕ್ಷಿ ಯಾರಿದ್ದರು? ನನ್ನ ದಿನಚರಿ ಪುಸ್ತಕ ತೆಗೆದುಕೊಂಡು ವಾರಗಟ್ಟಲೆ ಓದಿದರು. ಕೊನೆಗೆ ನಂಬಿದ್ದು ಯಾಕೆ ಗೊತ್ತೇ? ಹಾಯಿ ಏರಿಸದೆ ಹೆದರಿ ಒಳಗೆ ಮಲಗಿ ಅತ್ತ ದಿನಗಳನ್ನೂ ನಾನು ಬರೆದಿದ್ದೆ. ಸುಳ್ಳು ಬರೆಯುವವನು ಆ ಹಾಳೆಗಳನ್ನು ಇಟ್ಟುಕೊಳ್ಳುವುದಿಲ್ಲ ಎಂದರು."

ಅಷ್ಟು ಹೇಳಿ ಮತ್ತೆ ಪುಟ್ಟಿ ಹತ್ತಿದರು. ಹೇಗೆ ನಡೆಸುವುದು ತೋರಿಸಿ ಎಂದು ಅಂಬಿಗರಿಗೆ ಕೈಸನ್ನೆ ಮಾಡಿದರು. ಹುಟ್ಟನ್ನು ಪಕ್ಕಕ್ಕಲ್ಲ, ಮುಂದೆ ಹಾಕಿ ತನ್ನತ್ತ ಎಳೆಯಬೇಕು ಎಂದು ಅಂಬಿಗರು ತೋರಿಸಿಕೊಟ್ಟರು. ಒಂದು ತಾಸು ಕಳೆಯುವುದರೊಳಗೆ ಮುದುಕ ಹೊಳೆಯ ನಡುವಿನ ಬಂಡೆ ಮುಟ್ಟಿ, ಓರೆಕೋರೆಯಾಗಿ, ಒಬ್ಬರೇ ವಾಪಸ್ಸು ಬಂದರು. ಅಂಬಿಗರು ಈಗ ನಗಲಿಲ್ಲ. "ನೀರಿನ ಮನುಷ್ಯಾ ಖರೇರಿ" ಎಂದರು. ಅದನ್ನು ಇದ್ದ ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ.

ಶಹಾಪುರದ ಹಾದಿಯಲ್ಲಿ ಗೋದಾಮಿನ ಮಾತನ್ನೂ ಹೇಳಿಬಿಟ್ಟೆ. ಹೇಳುವಾಗ ಕಲಬುರಗಿ ಆಸ್ಪತ್ರೆಯ ಬಾಗಿಲಲ್ಲಿ ನನ್ನ ಗಂಡನನ್ನು ಹಿಡಿದು ಇಳಿಸುತ್ತಿದ್ದ ದಲಾಲರ ಕೈಗಳೇ ಕಣ್ಣ ಮುಂದೆ ಬರುತ್ತಿದ್ದವು. ನಮ್ಮ ಅತಿಥಿ ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡರು. "ಥ್ಯಾಂಕ್ಸ್" ಎಂದರು.

ಮೂರನೆಯ ದಿನ ಗೋದಾಮು ತೆಗೆಸಿದರು. ಹತ್ತಿಯಲ್ಲಿ ಮೊಣಕೈವರೆಗೆ ಕೈ ತೂರಿಸಿ, ಹೊರಗೆ ತೆಗೆದು ಮೂಸಿ, ಕರ್ಚೀಫಿನಲ್ಲಿ ಒರೆಸಿಕೊಂಡರು. "ಈ ಮಾಲು ನನಗೆ ಬೇಡ" ಎಂದರು. ನಾನು ಅಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಆಮೇಲೆ ಅವರು ಹತ್ತಿರದ ಕೊಂಕಲ್ ಊರಿನ ರೈತರಿಂದ ನೇರವಾಗಿ ಹತ್ತಿ ಕೊಂಡರೆಂದು ಕೇಳಿದೆ.

ಅವರನ್ನು ರೈಲು ಹತ್ತಿಸಿದ ಸಂಜೆ ದಲಾಲರು ನಮ್ಮ ಬಾಗಿಲಿಗೆ ಬಂದರು. ಒಳಗೆ ಕಾಲಿಡಲಿಲ್ಲ.

"ನೀವ ಹೇಳಿದ್ರೇನ್ರಿ?"

"ಹೌದ್ರಿ, ನಾನ ಹೇಳಿದೆ."

ನಾನು ಇಲ್ಲ ಎನ್ನುತ್ತೇನೆ ಎಂದು ಕಾದಿದ್ದರೇನೋ, ಬಾಗಿಲಿಂದಲೇ ತಿರುಗಿ ಹೊರಟುಹೋದರು. ಆ ಚಳಿಗಾಲವೆಲ್ಲ ಎದುರಿಗೆ ಸಿಕ್ಕರೂ ಮುಖ ತಿರುಗಿಸಿದರು. ನೀನು ಮಾಡಿದ್ದು ಸರಿಯಲ್ಲ ಎಂದು ನನ್ನ ಗಂಡನೂ ಅಂದರು.

ಬೇಸಿಗೆ ಹತ್ತಿರ ಬಂದಾಗ ದಲಾಲರು ಬೇರೆ ಯಾವುದೋ ಕಂಪನಿಯ ಇಂಗ್ಲಿಷ್ ಪತ್ರ ಹಿಡಿದುಕೊಂಡು ಬಂದರು. ಓದಿ ಕನ್ನಡದಲ್ಲಿ ಹೇಳಿದೆ. ಅವರು ಪತ್ರವನ್ನು ವಾಪಸ್ಸು ತೆಗೆದುಕೊಂಡು, ಸಾಲುಗಳ ಮೇಲೆ ಬೆರಳಾಡಿಸಿ, ನನ್ನನ್ನು ಓರೆಗಣ್ಣಲ್ಲಿ ನೋಡಿದರು.

"ಇಷ್ಟುದ್ದ ಬರದಾರ, ನೀವು ಇಷ್ಟ ಹೇಳಿದ್ರಿ. ಏನೂ ಬಿಟ್ಟಿಲ್ಲಲ್ರಿ ಟೀಚರ್ರ?"

ಕುರ್ಚಿ ಸರಿಸಿ ಕೂಡಿಸಿ, ಮೊದಲ ಸಾಲಿನಿಂದ ಮತ್ತೆ ಓದಿದೆ.