ಮೂರನೇ ಮಗ್ಗದ ಬಿಳಿ ಅರಿವೆ

ಬನಹಟ್ಟಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮುಗಳಿವೆ. ಯಾವ ದಿನ ಯಾವ ಮಗ್ಗ ಎಷ್ಟು ಮೀಟರ್ ಸೀರೆ ನೇಯ್ದಿತು ಎಂದು ಡೈರಿಯಲ್ಲಿ ಬರೆದಿಡುವುದು ಪಿಯುಸಿ ಮುಗಿದಾಗಿನಿಂದ ನನ್ನ ಕೆಲಸ. ಮದುವೆಯಾದ ಮೇಲೆ ಅದೇ ಪುಟಗಳ ಅಂಚಿನಲ್ಲಿ ಹೆಂಡತಿಯ ಮುಟ್ಟಿನ ತಾರೀಖುಗಳು ಸೇರಿದವು, ಆಮೇಲೆ ಇಂಜೆಕ್ಷನ್ನುಗಳು.

"ನಾ ಏನ ನಿಮ್ಮ ಐದನೇ ಮಗ್ಗ ಏನ್ರಿ?" ಎಂದು ಅವಳು ಒಮ್ಮೆ ನಕ್ಕಿದ್ದಳು. ಆಗಿನ್ನೂ ನಗು ಬರುತ್ತಿತ್ತು.

ದೋಷ ನನ್ನದೆಂದು ಜಮಖಂಡಿಯ ಡಾಕ್ಟರಮ್ಮ ಮೊದಲ ರಿಪೋರ್ಟು ನೋಡಿಯೇ ಹೇಳಿದ್ದರು. ವೀರ್ಯಾಣುಗಳು ತೀರ ಕಡಿಮೆ. ಇದ್ದವುಗಳಲ್ಲೂ ಹೆಚ್ಚಿನವಕ್ಕೆ ಓಟವಿಲ್ಲ. ಬೆಳಗಾವಿಯ ಆಸ್ಪತ್ರೆಯಲ್ಲಿ ಎರಡು ಸಲ ಮಾಡಿಸಿದ ಚಿಕಿತ್ಸೆ ಫಲಿಸಲಿಲ್ಲ. ಮೂರನೆಯ ಸಲಕ್ಕೆ ಹೊರಟ ಬೆಳಿಗ್ಗೆ ಹೆಂಡತಿ ಬ್ಯಾಗಿನ ಜಿಪ್ ಎಳೆಯುತ್ತ, "ಇದ ಕಡೀ ಸಲ ನೋಡ್ರಿ. ಸೂಜಿ ಚುಚ್ಚಾಕ ಹೊಟ್ಟಿ ಮ್ಯಾಲ ಜಾಗಾ ಉಳಿದಿಲ್ಲ" ಅಂದಳು. ನಾನು ಹೂಂ ಅಂದೆ.

ಆ ಸಲ ಅಲ್ಲಿ ಹೊಸದೊಂದು ಬಂದಿತ್ತು. ಲ್ಯಾಬಿನ ಹುಡುಗಿ ನಮ್ಮನ್ನು ಕರೆದು ಪರದೆ ತೋರಿಸಿದಳು. ಬೂದು ನೀರಿನಲ್ಲಿ ಬಾಲದ ಚುಕ್ಕೆಗಳು ಒದ್ದಾಡುತ್ತಿದ್ದವು. ಒಂದೊಂದರ ಸುತ್ತಲೂ ಒಂದು ಚೌಕಟ್ಟು, ಪಕ್ಕದಲ್ಲಿ ಅಂಕಿ. ಒಂದರ ಚೌಕಟ್ಟು ಮಾತ್ರ ಹಸಿರು. ಕೃತಕ ಬುದ್ಧಿಮತ್ತೆ ಆರಿಸಿದ್ದು ಅದನ್ನೇ. ಅದನ್ನು ಸಣ್ಣ ಸೂಜಿಯಿಂದ ಹಿಡಿದು ಹೆಂಡತಿಯ ಅಂಡದೊಳಗೆ ಬಿಡುವುದು ಈ ಹುಡುಗಿಯ ಕೆಲಸ.

"ನಿಮಗಿಂತ ಛಲೋ ನೋಡ್ತದೇನ್ರಿ ಇದು?" ಎಂದು ಕೇಳಿದೆ.

"ನಮ್ಮ ಕಣ್ಣು ಸೋಲ್ತಾವ್ರಿ, ಇದರದು ಸೋಲೂದಿಲ್ಲ. ಓಟ, ತಲಿ ಆಕಾರ ನೋಡಿ ನಂಬರ್ ಕೊಡ್ತದ. ಒಳಗ ಏನೈತಿ ಅನ್ನೂದು ಮಾತ್ರ ಇದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ."

ಇಷ್ಟನ್ನೂ ಮನೆಯಲ್ಲಿ ಹೇಳಿದೆ. ಅಪ್ಪ ಅರ್ಧದಲ್ಲೇ ಕೈ ಎತ್ತಿದರು. "ಕಂಪ್ಯೂಟರ್ ನೋಡಿ ಆರಿಸೇತಿ ಹೌದಲ್ಲ? ಹಂಗಾರ ಮಾಲ ಪಾಸಾತು ಬಿಡು."

ನಾವು ನೇಯ್ದ ಸೀರೆಯನ್ನು ವ್ಯಾಪಾರಿಯ ಅಂಗಡಿಯಲ್ಲಿ ಬೆಳಕಿನ ಮೇಜಿನ ಮೇಲೆ ಎಳೆದು ನೋಡುತ್ತಾರೆ. ಎಳೆ ತಪ್ಪಿದ್ದರೆ ಅಲ್ಲೇ ಪಕ್ಕಕ್ಕೆ ಹಾಕುತ್ತಾರೆ. ಪಾಸಾಗಿ ಮುದ್ರೆ ಬಿದ್ದ ಮಾಲು ತಿರುಗಿ ಬರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಊಟದಷ್ಟೇ ಖಾತ್ರಿಯಾದ ಮಾತು.

"ಅಪ್ಪಾ, ಅದು ಓಟ ಅಷ್ಟ ನೋಡ್ತದ."

"ಸುಮ್ಮಕಿರಲೇ. ನಮ್ಮ ಕಣ್ಣಿಗೆ ಕಾಣದ್ದು ಅದಕ್ಕ ಕಾಣ್ತೈತಿ ಅಂತ ಈಗ ನೀನ ಹೇಳಿದಿ."

ನಮಗೆ ಸಿಕ್ಕಿದ್ದು ಒಂದೇ ಭ್ರೂಣ. ಅದನ್ನೇ ಒಳಗಿಟ್ಟರು. ಎರಡು ವಾರದ ಮೇಲೆ ಜಮಖಂಡಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹೆಂಡತಿ ಬಸುರಿ ಎಂದು ತಿಳಿಯಿತು. ಆ ವಾರ ಮೂರನೇ ಮಗ್ಗದ ಸೀರೆಯ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆ, ಮುಗಿದಿತ್ತು. ಅಪ್ಪ ಅದಕ್ಕೆ ಮೆತ್ತನೆಯ ಬಿಳಿ ಹತ್ತಿ ನೂಲಿನ ಸಣ್ಣ ಹಾಸು ಏರಿಸಿದರು. ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆಗೆ, ಮೈ ಒರೆಸುವುದಕ್ಕೆ, ತೊಟ್ಟಿಲಿಗೆ.

ಅವ್ವ ಬೇಡವೆಂದಳು. "ಹೊಟ್ಯಾಗಿನ ಕೂಸಿಗೆ ಮದ್ಲ ಅರಿವಿ ಮಾಡಬಾರದು."

"ಪಾಸಾದ ಮಾಲಿಗೆ ಎದರ ಅಂಜಿಕಿ?" ಅಂದರು ಅಪ್ಪ.

ಶೆಡ್ಡಿನ ಖಟಖಟ ಸದ್ದಿಗೆ ತಲೆ ನೋಯುತ್ತದೆ ಎನ್ನುತ್ತಿದ್ದ ಹೆಂಡತಿ ದಿನಾ ಸಂಜೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂರತೊಡಗಿದಳು. ನೇಯ್ದಷ್ಟನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಆ ದಿನಗಳ ಡೈರಿಯಲ್ಲಿ ನನ್ನ ಅಕ್ಷರ ದೊಡ್ಡದಾಗಿದೆ.

ಏಳನೆಯ ವಾರದ ಸ್ಕ್ಯಾನಿಗೆ ಮತ್ತೆ ಜಮಖಂಡಿಗೆ ಹೋದೆವು. ಡಾಕ್ಟರಮ್ಮ ಬಹಳ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಎದೆಬಡಿತ ಇಲ್ಲಮ್ಮಾ."

ಬಾಡಿಗೆ ಕಾರಿನಲ್ಲಿ ಮರಳುವಾಗ ಹೆಂಡತಿ ಅಳಲಿಲ್ಲ. ಕಿಟಕಿಯ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟುತ್ತಿತ್ತು. "ನಿಮ್ಮದ್ರಾಗ ಛಲೋದನ್ನ ಆರಿಸಿ ಹಾಕಿದ್ರು" ಅಂದಳು. "ಅದು ಪಾಸಾಗಿತ್ತು. ಹಂಗಾರ ನನ್ನೊಳಗ ಏನೋ ಕೆಟ್ಟೈತಿ."

ಇಷ್ಟು ವರ್ಷ ದೋಷ ನನ್ನದಾಗಿತ್ತು. ಅದನ್ನು ಹೊರುವುದು ನನಗೆ ರೂಢಿಯಾಗಿತ್ತು. ಆ ಹಸಿರು ಚೌಕಟ್ಟು ಅದನ್ನು ನನ್ನ ಹೆಗಲಿನಿಂದ ಎತ್ತಿ ಅವಳ ಮೇಲೆ ಇಟ್ಟಿತ್ತು. ಹಾಗಲ್ಲ ಎಂದು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೂ ನಂಬಲಿಲ್ಲ. ಗರ್ಭ ತೆಗೆಸಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಅವಳು ಅಳಲಿಲ್ಲ. ಮೂರನೇ ಮಗ್ಗ ಅರ್ಧ ನೇಯ್ದ ಬಿಳಿ ಅರಿವೆಯೊಂದಿಗೆ ನಿಂತೇ ಇತ್ತು.

ಯುಗಾದಿ ಹತ್ತಿರವಾದಂತೆ ಸೀರೆಯ ಬೇಡಿಕೆ ಬಂತು. ಹಳೆಯ ಹಾಸಿನ ತುದಿಗಳನ್ನು ಮಗ್ಗದಿಂದ ಪೂರ್ತಿ ಎಳೆದು ಹಾಕುವಂತಿಲ್ಲ. ಹೊಸ ಎಳೆಗಳನ್ನು ಒಂದೊಂದಾಗಿ ಅವಕ್ಕೇ ಗಂಟು ಹಾಕಬೇಕು. ಆ ಕೆಲಸಕ್ಕೆ ರಬಕವಿಯಿಂದ ಬರುವ ಹೆಂಗಸಿಗೆ ಏನೂ ಗೊತ್ತಿರಲಿಲ್ಲ. ಮಗ್ಗದ ಮುಂದೆ ಕೂತವಳೇ ನಕ್ಕಳು. "ಏನಬೇ ತಂಗಿ, ಸೀರಿ ಬಿಟ್ಟು ಕೂಸಿನ ಅರಿವಿ ನೇಯಾಕತ್ತೀರಿ? ಪೇಡೆ ಯಾವಾಗ?"

ಚಹಾ ತಂದಿದ್ದ ಹೆಂಡತಿ ಕಪ್ಪುಬಸಿ ಕೆಳಗಿಟ್ಟಳು. "ಗಿರಾಕಿ ಬ್ಯಾಡ ಅಂದ್ರಕ್ಕಾ."

ಆ ಹೆಂಗಸು ಅವಳ ಮುಖ ನೋಡಿದಳು. ಆಮೇಲೆ ಬಿಳಿ ಎಳೆಗಳಿಗೆ ಹಸಿರು ಎಳೆಗಳನ್ನು ಕಟ್ಟುತ್ತ ಹೋದಳು.

ಅವಳು ಹೋದ ಮೇಲೆ ಅಪ್ಪ ಮಗ್ಗದಿಂದ ಕತ್ತರಿಸಿಟ್ಟಿದ್ದ ಬಿಳಿ ಅರಿವೆಯನ್ನು ಮಡಚತೊಡಗಿದರು. ವ್ಯಾಪಾರಿಗೆ ಒಯ್ಯುವ ಸೀರೆಯ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿದರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಆಮೇಲೆ ಸೊಸೆಯ ಕಡೆ ನೋಡದೆಯೇ ಹೇಳಿದರು:

"ಪಾಸಾದ ಮಾಲೂ ತಿರುಗಿ ಬರ್ತೈತಿ, ಮಗಳ. ನಂದು ಎಷ್ಟೋ ಸಲ ಬಂದೈತಿ. ಮನ್ಯಾಗ ಹೇಳಿಲ್ಲ ಅಷ್ಟ. ಒಯ್ದವರದು ಏನೂ ತಪ್ಪಿರೂದಿಲ್ಲ."

ಖರೆಯೋ ಸುಳ್ಳೋ ನನಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಹಾಗೆ ಬಂದದ್ದು ಒಂದೂ ಇಲ್ಲ.

ಹೆಂಡತಿ ಅವರ ಕೈಯಿಂದ ಅರಿವೆ ತೆಗೆದುಕೊಂಡಳು. ಅದರಲ್ಲಿ ಮುಖ ಒತ್ತಿಕೊಂಡಳು, ಮೊದಲ ಸಲ ದನಿ ತೆಗೆದು ಅತ್ತಳು. ಶೆಡ್ಡಿನ ಹೊರಗೆ ಓಣಿಯಲ್ಲಿ ಜನ ಓಡಾಡುತ್ತಿದ್ದರು. ಅಪ್ಪ ಕೈ ಚಾಚಿ ಮೂರನೇ ಮಗ್ಗದ ಬಟನ್ ಒತ್ತಿದರು; ಖಟಖಟ ಸದ್ದು ಅವಳ ಅಳುವನ್ನು ಮುಚ್ಚಿತು.